ಡ್ರಾಯರಿಗೆ ತೂಗುಹಾಕಿದ ಕೊಡೆ

ತುಂಬಿಸುವುದನ್ನು ಎಲ್ಲರೂ ಕಲಿಸುತ್ತಾರೆ, ಖಾಲಿ ಮಾಡುವುದನ್ನು ಯಾರೂ ಕಲಿಸುವುದಿಲ್ಲ ಎಂದು ನಾನು ಹೇಳಿದರೆ ಈಗಿನವರಿಗೆ ನಗು. ಕಳೆದ ತಿಂಗಳು ನನ್ನ ತಂಗಿಯ ಮಗಳು ಮನೆಗೆ ಬಂದಿದ್ದಳು. ಅವಳಿಗೂ ಈಗ ನನ್ನ ಹಳೆಯ ಕೆಲಸವೇ ಸಿಕ್ಕಿದೆ, ಕಂಪ್ಯೂಟರಿನಲ್ಲಿ ಕೋಷ್ಟಕಗಳನ್ನು ನೋಡಿಕೊಳ್ಳುವುದು. "ದೊಡ್ಡಮ್ಮ, ಒಂದು ಟೇಬಲ್ ಖಾಲಿ ಮಾಡ್ಲಿಕ್ಕೆ ಎಂತ ಉಂಟು? ಒಂದು ಸಾಲು ಬರೆದ್ರೆ ಆಯ್ತು" ಎಂದಳು.

"ಹೌದಾ? ಆ ಒಂದು ಸಾಲು ಬರೆದು ನಾನು ಹದಿನೇಳು ಜನರ ಕನ್ನಡಕ ಕಳೆದವಳು, ಗೊತ್ತುಂಟಾ ನಿನಗೆ?" ಎಂದೆ. ಅವಳು ಚಹಾದ ಲೋಟ ಕೆಳಗಿಟ್ಟಳು. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನನಗೇ ಮರೆತುಹೋಗಿದೆ. ಮರೆಯದೆ ಉಳಿದದ್ದು ಬೈಗುಳ ತಿಂದ ದಿನಗಳು ಮಾತ್ರ.

ಎಪ್ಪತ್ತರ ದಶಕದ ನಡುವೆ ನಾನು ಮಣಿಪಾಲದಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಒಂದು ಸಣ್ಣ ಸೇವಾ ಸಂಸ್ಥೆಗೆ ಗುಮಾಸ್ತೆಯಾಗಿ ಸೇರಿದೆ. ಉದ್ಯಾವರದಿಂದ ಒಂದು ಬಸ್ಸು, ಉಡುಪಿಯಲ್ಲಿ ಇಳಿದು ಗುಡ್ಡ ಹತ್ತುವ ಇನ್ನೊಂದು ಬಸ್ಸು. ಹಂಚಿನ ಮಾಡಿನ ಎರಡು ಕೋಣೆ, ಹಿಂದೆ ಕನ್ನಡಕ ಮಾಡುವ ಪುಟ್ಟ ಕಾರ್ಖಾನೆ, ಪಕ್ಕದಲ್ಲಿ ಕ್ಯಾಂಟೀನು. ಕಾರ್ಕಳ, ಕಾಪು, ಶಿರ್ವ ಎಂದು ಊರೂರಿನ ಶಾಲೆಗಳಲ್ಲಿ ನಮ್ಮವರು ಶಿಬಿರ ಹಾಕಿ ಪೊರೆ ತೆಗೆಯುತ್ತಿದ್ದರು. ಆರು ವಾರ ಕಳೆದ ಮೇಲೆ ಡಾಕ್ಟರು ಮತ್ತೆ ಹೋಗಿ ಅಳತೆ ನೋಡುತ್ತಿದ್ದರು. ಆ ಅಳತೆಗೆ ಸರಿಯಾಗಿ ನಮ್ಮಲ್ಲಿ ದಪ್ಪ ಗಾಜಿನ ಕನ್ನಡಕ ತಯಾರಾಗುತ್ತಿತ್ತು. ಕಣ್ಣಿನೊಳಗೇ ಮಸೂರ ಕೂರಿಸುವ ಕಾಲ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಪೊರೆ ತೆಗೆಸಿಕೊಂಡವರಿಗೆ ಆ ಕನ್ನಡಕ ಇಲ್ಲದಿದ್ದರೆ ಎದುರಿಗೆ ನಿಂತವರ ಮುಖವೂ ಕಾಣುತ್ತಿರಲಿಲ್ಲ.

ದಾಖಲೆಯ ಕೋಣೆಗೆ ದೊರೆ ಪುಂಡಲೀಕ ಶೆಣೈಯವರು. ಎಲ್ಲರಿಗೂ ಅವರು ಶೆಣೈಮಾಮ. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲು, ಮಳೆ ಇರಲಿ ಬಿಸಿಲಿರಲಿ ಕೈಯಲ್ಲಿ ಬಿದಿರಿನ ಹಿಡಿಯ ಒಂದು ಕಪ್ಪು ಕೊಡೆ. ಅವರ ಕೋಣೆಯಲ್ಲಿ ಮೂರು ಡ್ರಾಯರಿನ ಒಂದು ಮರದ ಕಪಾಟು ಇತ್ತು. ಮೇಲಿನದು ಹೆಸರಿನ ಡ್ರಾಯರು, ನಡುವಿನದು ಅಳತೆಯದು, ಕೆಳಗಿನದು ಕನ್ನಡಕದ್ದು. ಕನ್ನಡಕದ ಕಾರ್ಡಿನಲ್ಲಿ ಅಳತೆಯ ಕಾರ್ಡಿನ ನಂಬರು ಮಾತ್ರ ಇರುತ್ತಿತ್ತು, ಅಳತೆಯ ಕಾರ್ಡಿನಲ್ಲಿ ಹೆಸರಿನ ಕಾರ್ಡಿನ ನಂಬರು. ಹೆಸರು, ಊರು ಬೇಕೆಂದರೆ ಮೇಲಿನ ಡ್ರಾಯರಿಗೇ ಹೋಗಬೇಕು. ಒಂದು ಶಿಬಿರದ ಕನ್ನಡಕಗಳೆಲ್ಲ ಹಂಚಿ ಮುಗಿದ ಮೇಲೆ ಮೂರೂ ಡ್ರಾಯರುಗಳನ್ನು ಖಾಲಿ ಮಾಡಿ, ಕಾರ್ಡುಗಳನ್ನು ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿ, ಮುಂದಿನ ಶಿಬಿರಕ್ಕೆ ಜಾಗ ಮಾಡುವುದು ಪದ್ಧತಿ.

ಸೇರಿ ಒಂದು ತಿಂಗಳಾಗಿರಲಿಲ್ಲ, ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೇಲಿನಿಂದ ಶುರುಮಾಡುವುದು ಸಲೀಸು ಎಂದು ಹೆಸರಿನ ಡ್ರಾಯರನ್ನೇ ಮೊದಲು ಖಾಲಿ ಮಾಡಿ ಅಟ್ಟಕ್ಕೆ ಹಾಕಿಸಿಬಿಟ್ಟೆ. ಆಗ ಕಾರ್ಖಾನೆಯಿಂದ ಒಂದು ಕನ್ನಡಕ ತಡವಾಗಿ ಬಂತು. ಅದರ ಕಾರ್ಡು ಕೆಳಗೆ ಇತ್ತು, ಅಳತೆ ನಡುವೆ ಇತ್ತು, ಹೆಸರು ಮಾತ್ರ ಅಟ್ಟದ ಯಾವುದೋ ಕಟ್ಟಿನೊಳಗೆ. ಶೆಣೈಮಾಮ ಆ ಕನ್ನಡಕವನ್ನು ನನ್ನ ಮುಖದೆದುರು ಹಿಡಿದರು.

"ಸರೋಜಾ, ಇದು ಯಾರದ್ದು ಹೇಳು. ಉಡುಪಿ ಪೇಟೆಯಲ್ಲಿ ಸಿಕ್ಕಿದವರ ಮೂಗಿಗೆಲ್ಲ ಇಟ್ಟು ನೋಡ್ತೀಯಾ?"

ನನಗೆ ಅಳುವೇ ಬಂತು. ಅಟ್ಟ ಹತ್ತಿ, ಧೂಳು ತಿಂದು, ಸಂಜೆಯವರೆಗೆ ಹುಡುಕಿ ಆ ಹೆಸರನ್ನು ತಂದೆ. ಆಮೇಲೆ ಅವರು ತಾವೇ ಕುಳಿತು ಕ್ರಮ ಹೇಳಿಕೊಟ್ಟರು. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಕನ್ನಡಕ, ಆಮೇಲೆ ಅಳತೆ, ಕೊನೆಗೆ ಹೆಸರು. ಒಂದು ಹೆಸರನ್ನು ನಂಬಿಕೊಂಡು ಕೆಳಗೆ ಒಂದೇ ಒಂದು ಕಾರ್ಡು ಉಳಿದಿದ್ದರೂ ಆ ಹೆಸರನ್ನು ಮುಟ್ಟಕೂಡದು. ಈಗಿನ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ನಾನು ಕಲಿತದ್ದು ಬೈಗುಳದಿಂದ.

ಇನ್ನೊಂದು ನಿಯಮ ಕೊಡೆಯದು. ಡ್ರಾಯರು ಖಾಲಿ ಮಾಡಲು ಕುಳಿತಾಗ ಶೆಣೈಮಾಮ ತಮ್ಮ ಕೊಡೆಯನ್ನು ಕಪಾಟಿನ ಹಿಡಿಗೆ ತೂಗುಹಾಕುತ್ತಿದ್ದರು. ಕೊಡೆ ತೂಗುತ್ತಿರುವಷ್ಟು ಹೊತ್ತು ಯಾರೂ ಆ ಕಪಾಟಿಗೆ ಹೊಸ ಕಾರ್ಡು ಹಾಕಬಾರದು, ಇದ್ದದ್ದನ್ನು ತೆಗೆಯಲೂಬಾರದು. ಒಮ್ಮೆ ನಮ್ಮ ಮೇನೇಜರು ಅವಸರದಲ್ಲಿ ಬಂದು ಡ್ರಾಯರಿಗೆ ಕೈಹಾಕಿದರು. "ಸಾರ್, ಕೊಡೆ ಉಂಟು" ಎಂದರು ಶೆಣೈಮಾಮ, ತಲೆ ಎತ್ತದೆ. "ಅರೆ, ಒಂದೇ ಕಾರ್ಡು ಶೆಣೈಯವರೇ!" "ಒಂದಾದ್ರೂ ಕೊಡೆ ಕೊಡೆಯೇ ಅಲ್ವಾ ಸಾರ್." ಮೇನೇಜರು ಗೊಣಗುತ್ತಾ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತರು. ಕೊಡೆ ಇಳಿದ ಮೇಲೆಯೇ ಅವರಿಗೆ ಕಾರ್ಡು ಸಿಕ್ಕಿತು.

ಮೂರನೆಯ ನಿಯಮ ಹುಟ್ಟಿದ್ದು ಕಾರ್ಕಳದ ಶಿಬಿರದಲ್ಲಿ. ಡಾಕ್ಟರು ಬರೆದ ಅಳತೆಯ ಚೀಟಿಯನ್ನು ನಾವು ಕಾರ್ಡಿಗೆ ಏರಿಸುತ್ತಿದ್ದೆವು. ಒಂದೇ ಚೀಟಿ ಎರಡು ಸಲ ಏರಿ, ಅಲ್ಲಿನ ಒಬ್ಬ ಅಂಗಡಿಯವರಿಗೆ ಎರಡು ಕನ್ನಡಕ ಹೋಯಿತು. ಆ ಪುಣ್ಯಾತ್ಮರು ಹಿಂದೆ ಕೊಡಲಿಲ್ಲ. "ಒಂದು ಮನೆಗೆ, ಒಂದು ಅಂಗಡಿಗೆ. ಚಂದ ಆಯ್ತು ಮಾರಾಯ್ರೆ" ಎಂದು ನಮಗೇ ಉಪದೇಶ ಮಾಡಿದರು. ಅಂದಿನಿಂದ ಶೆಣೈಮಾಮ ಏರಿಸಿದ ಚೀಟಿಯನ್ನು ಅಲ್ಲೇ ನಡುವೆ ಚರ್ರನೆ ಹರಿದು ಬುಟ್ಟಿಗೆ ಹಾಕತೊಡಗಿದರು. ಹರಿದ ಚೀಟಿ ಎರಡನೆಯ ಸಲ ಏರುವುದಿಲ್ಲವಲ್ಲ. ರೋಗಿಗಳ ಕೈಯಲ್ಲಿ ಚೀಟಿ ಕೊಡುವ ಪದ್ಧತಿಯೂ ನಮ್ಮಲ್ಲಿರಲಿಲ್ಲ, ಒದ್ದೆ ಮಾಡಿ ತರುತ್ತಾರೆಂದು. ಹೀಗೆ ಹತ್ತು ಹನ್ನೆರಡು ವರ್ಷ ಆ ಚರ್ರೆನ್ನುವ ಸದ್ದು ಕೇಳುತ್ತಾ ನಾನು ಕೆಲಸ ಮಾಡಿದೆ. ಈಗಲೂ ಯಾರಾದರೂ ಕಾಗದ ಹರಿದರೆ ನನಗೆ ಆ ಕೋಣೆಯ ನೆನಪಾಗುತ್ತದೆ.

ಎಂಬತ್ತರ ದಶಕದ ಕೊನೆಗೆ ಕಂಪ್ಯೂಟರು ಬಂತು. ಅದರ ಜೊತೆ ಶಿರ್ವದ ಫೆಲಿಕ್ಸ್ ಎಂಬ ತರುಣ ಎಂಜಿನಿಯರ್ ಬಂದ. ಒಳಕೋಣೆಯಲ್ಲಿ ಯಂತ್ರ ಮತ್ತು ಪರದೆ, ಕೀಲಿಮಣೆಯ ಒಂದು ಟರ್ಮಿನಲ್, ಹೊರಕೋಣೆಯ ಕೌಂಟರಿನಲ್ಲಿ ಇನ್ನೊಂದು. ಒಳಕೋಣೆಗೆ ಏಸಿ ಹಾಕಿಸಿದರು. ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕು. ಶೆಣೈಮಾಮ ಆ ಬಾಗಿಲ ಕಡೆ ತಲೆ ಹಾಕಿಯೂ ಮಲಗಲಿಲ್ಲ. "ದೇವರ ಕೋಣೆ ಆಯ್ತು ಅದು. ನಮಗೆ ಮಡಿ ಇಲ್ಲ" ಎಂದು ಕಪಾಟಿನ ಎದುರೇ ಕುಳಿತರು.

ಫೆಲಿಕ್ಸ್ ಜಾಣ. ಅವನು ವಾದಕ್ಕೆ ಹೋಗಲಿಲ್ಲ. ಒಂದು ದಿನ ಕಪಾಟಿನ ಮುಂದೆಯೇ ಸ್ಟೂಲ್ ಎಳೆದು ಕುಳಿತ. "ಶೆಣೈಮಾಮ, ನನ್ನ ಯಂತ್ರದಲ್ಲಿಯೂ ಮೂರೇ ಡ್ರಾಯರು. ಹೆಸರು, ಅಳತೆ, ಕನ್ನಡಕ. ನಿಮ್ಮದನ್ನೇ ಕದ್ದದ್ದು ನಾನು."

"ಹೆಸರನ್ನು ಮೊದಲು ತೆಗೆದ್ರೆ?"

"ಬಿಡುದಿಲ್ಲ ಅದು. ಕೆಳಗೆ ಅಳತೆ ಉಂಟು ಅಂತ ತಡೀತದೆ. ಆ ಕಾವಲನ್ನು ನಾನೇ ಬರೆದು ಕೂರಿಸಿದ್ದು."

"ಖಾಲಿ ಮಾಡುವಾಗ ಇನ್ನೊಬ್ಬ ಬಂದು ಕಾರ್ಡು ತುರುಕಿದ್ರೆ?"

"ಅದಕ್ಕೆ ಲಾಕ್ ಉಂಟು. ಲಾಕ್ ಹಾಕಿದ್ರೆ ಆಚೆ ಟರ್ಮಿನಲಿನವರು ಕಾಯ್ಬೇಕು, ಎಷ್ಟು ಹೊತ್ತಾದ್ರೂ."

ಶೆಣೈಮಾಮನ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದೆ. "ಹಾಗಾದ್ರೆ ಅದಕ್ಕೂ ಕೊಡೆ ಉಂಟು!" ಎಂದರು. ಅಂದಿನಿಂದ ಯಾರೂ ಇಲ್ಲದಾಗ ಕೌಂಟರಿನ ಟರ್ಮಿನಲ್ಲಿನ ಮುಂದೆ ಕುಳಿತು ಒಂದೇ ಬೆರಳಿನಿಂದ ಒತ್ತುವುದನ್ನು ಕಲಿಯತೊಡಗಿದರು. ಕಲಿಯುತ್ತಿರುವುದು ನನಗೆ ಗೊತ್ತಾಗಬಾರದೆಂದು ಬೇರೆ ನಾಚಿಕೆ.

ಆ ವರ್ಷ ಕಾಪುವಿನಲ್ಲಿ ಅಳತೆ ನೋಡುವ ದಿನ ನಾನೂ ಹೋಗಿದ್ದೆ. ಅಲ್ಲಿ ಬೀಪಾತುಮ್ಮ ಸಿಕ್ಕಿದರು. ಅರುವತ್ತು ದಾಟಿದ ಬ್ಯಾರಿ ಮುಸ್ಲಿಂ ಹೆಂಗಸು, ಬೀಡಿ ಕಟ್ಟುವವರು. ಒಂದು ಕಣ್ಣು ಮೊದಲೇ ಹೋಗಿತ್ತು, ಉಳಿದ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಅವರು ತುಳುವಿನಲ್ಲಿ ಆಡಿದ್ದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಕನ್ನಡಕ ಯಾವಾಗ ಮಗಳೇ?"

"ಮಳೆಗಾಲದ ಮೊದಲು ಬರ್ತದೆ."

ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲ ನನಗೆ ರೇಗಿತು. ಅವರು ನನ್ನ ಕೈ ತಡವಿ ಹಿಡಿದುಕೊಂಡರು. "ಬೈಬೇಡ. ಏಳು ವರ್ಷದವಳಿರುವಾಗ ಕೈಗೆ ಎಲೆ ಕೊಟ್ಟರು. ಅಂದಿನಿಂದ ಈ ಬೆರಳು ಸುಮ್ಮನೆ ಕೂತದ್ದಿಲ್ಲ. ಈಗ ಕತ್ತರಿ ಹಿಡಿದ್ರೆ ಎಲೆ ಬಿಟ್ಟು ಉಗುರು ಕತ್ತರಿಸ್ತೇನೆ. ಸುಮ್ಮನೆ ಕೂತು ಹುಚ್ಚು ಹಿಡೀತದೆ ನನಗೆ."

"ಮಳೆಗಾಲದ ಮೊದಲು ನಾನೇ ತಂದುಕೊಡ್ತೇನೆ ಬೀಪಾತುಮ್ಮ" ಎಂದು ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಮರುವಾರದ ಶನಿವಾರ. ಕಾರ್ಕಳದ ಕನ್ನಡಕಗಳೆಲ್ಲ ಹಂಚಿ ಮುಗಿದಿದ್ದವು, ಆ ಮೂರು ಕೋಷ್ಟಕಗಳನ್ನು ಖಾಲಿ ಮಾಡಬೇಕಿತ್ತು. ಕಾಪುವಿನ ಹದಿನೇಳು ಚೀಟಿಗಳು ಸೋಮವಾರ ಏರುವುದೆಂದು ಮಾತಾಗಿತ್ತು. ಫೆಲಿಕ್ಸ್ ರಜೆ. ಬೆಳಗ್ಗೆ ಎಲ್ಲವನ್ನೂ ಟೇಪಿಗೆ ನಕಲು ಮಾಡಿಕೊಂಡೆ. ಇನ್ನು ಲಾಕ್ ಹಾಕಬೇಕಿತ್ತು. ಹಾಕಲಿಲ್ಲ. ಇಡೀ ಕಚೇರಿಯಲ್ಲಿ ಟರ್ಮಿನಲ್ ಮುಟ್ಟುವವಳು ಇವತ್ತು ನಾನೊಬ್ಬಳೇ, ಯಾರಿಗೆ ಲಾಕ್ ಎಂಬ ಅಹಂಕಾರ.

ಕನ್ನಡಕದ ಕೋಷ್ಟಕ ಖಾಲಿ ಮಾಡಿದೆ. ಅಳತೆಯದು ಖಾಲಿ ಮಾಡಿದೆ. ಹೆಸರಿನದಕ್ಕೆ ಬಂದಾಗ ಯಂತ್ರ ತಡೆಯಿತು. ಈ ಹೆಸರುಗಳ ಕೆಳಗೆ ಅಳತೆ ಉಂಟು, ಅಳಿಸಲಾಗದು ಎಂದಿತು. ಈಗಷ್ಟೇ ಅಳತೆಯನ್ನು ನಾನೇ ಖಾಲಿ ಮಾಡಿದ್ದೇನೆ, ಎಲ್ಲಿಂದ ಬರುತ್ತದೆ ಅಳತೆ! ಮತ್ತೆ ಕೊಟ್ಟೆ, ಮತ್ತೆ ತಡೆಯಿತು. ಮಧ್ಯಾಹ್ನದ ಬಸ್ಸಿಗೆ ಹೊತ್ತಾಗುತ್ತಿತ್ತು, ನನಗೆ ಮಂಡೆ ಬಿಸಿಯಾಯಿತು. ಫೆಲಿಕ್ಸನ ಕಾವಲನ್ನು ತೆಗೆಯುವುದು ಹೇಗೆಂದು ನನಗೆ ಗೊತ್ತಿತ್ತು. ತೆಗೆದೆ. ಸಾಲು ಸಾಲಾಗಿ ಅಳಿಸುವ ದಾರಿಯನ್ನು ಬಿಟ್ಟು, ಮೂರನ್ನೂ ಒಂದೇ ಏಟಿಗೆ ಬರಿದು ಮಾಡುವ ಆಜ್ಞೆ ಕೊಟ್ಟೆ. ಅದನ್ನು ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವ ಉಪಾಯವಿಲ್ಲ. ಅರೆಕ್ಷಣದಲ್ಲಿ ಮೂರೂ ಕೋಷ್ಟಕ ನುಣ್ಣಗಾದವು.

ಹೊರಗೆ ಬಂದರೆ ಕೌಂಟರಿನಲ್ಲಿ ಶೆಣೈಮಾಮ ಕುಳಿತಿದ್ದಾರೆ, ಮದುಮಗನ ಹಾಗೆ ನಗುತ್ತಾ. "ಸರೋಜಾ, ಸೋಮವಾರದ ಕೆಲಸ ಮುಗಿಸಿಬಿಟ್ಟೆ ನೋಡು. ಕಾಪುವಿನ ಹದಿನೇಳನ್ನೂ ನಾನೇ ಏರಿಸಿದೆ. ಒಂದೇ ಬೆರಳಿನಲ್ಲಿ!"

ಯಂತ್ರ ನನ್ನನ್ನು ತಡೆದದ್ದು ಇವರು ಏರಿಸಿದ ಅಳತೆಗಳಿಗಾಗಿ. ನಾನು ಒಳಗಿನಿಂದ ಖಾಲಿ ಮಾಡುತ್ತಿದ್ದಂತೆ ಇವರು ಹೊರಗಿನಿಂದ ತುಂಬಿಸುತ್ತಿದ್ದರು. ಬೆಳಗಿನ ಟೇಪಿನಲ್ಲಿ ಆ ಹದಿನೇಳರ ಸುಳಿವೇ ಇಲ್ಲ.

"ಚೀಟಿ ಎಲ್ಲಿ ಮಾಮ?"

"ಏರಿಸಿದ ಮೇಲೆ ಎಂತ ಮಾಡುದು? ಹರಿದೆ."

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ನಡೆದದ್ದನ್ನು ಹೇಗೋ ಮಾಡಿ ಹೇಳಿದೆ. ಬೈಗುಳದ ಮಳೆ ಸುರಿಯುತ್ತದೆಂದು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ, ಬುಟ್ಟಿ ನೋಡಿದರು. ಬುಟ್ಟಿ ಖಾಲಿ. ಅಟೆಂಡರು ಶನಿವಾರವೆಂದು ಬೇಗನೆ ಕ್ಯಾಂಟೀನಿನ ಒಲೆಯ ಬಳಿ ಸುರಿದು ಹೋಗಿದ್ದ. ಶೆಣೈಮಾಮ ಪಂಚೆ ಎತ್ತಿ ಕಟ್ಟಿಕೊಂಡು ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಒಲೆಯ ಪಕ್ಕದ ಕಸದಿಂದ ಒಂದೊಂದೇ ತುಂಡು ಹೆಕ್ಕಿ ತಂದೆವು. ಎಡಗಡೆಯ ಚೂರಿನಲ್ಲಿ ಹೆಸರು, ಬಲಗಡೆಯದರಲ್ಲಿ ಅಳತೆ. ಹರಿದ ಅಂಚಿಗೆ ಅಂಚು ಕೂಡಿಸಿ, ಅಂಟು ಹಚ್ಚಿ ಸಂಜೆಯ ಹೊತ್ತಿಗೆ ಹದಿನಾರು ಚೀಟಿಗಳನ್ನು ಉಳಿಸಿಕೊಂಡೆವು. ಹದಿನೇಳನೆಯದರ ಎಡ ಚೂರು ಮಾತ್ರ ಇತ್ತು. ಬಲಗಡೆಯದು ಬೆಂಕಿ ಹೊತ್ತಿಸಲು ಹೋಗಿತ್ತು. ಉಳಿದ ಚೂರಿನಲ್ಲಿ ಬೀಪಾತುಮ್ಮ, ಕಾಪು ಎಂದಿತ್ತು. ಅಂಚಿನಲ್ಲಿ ಅಳತೆಯ ಮೊದಲ ಅಂಕಿ, ಒಂದು. ಅಷ್ಟೇ. ಹತ್ತೋ, ಹನ್ನೊಂದೋ, ಹನ್ನೆರಡೋ, ದೇವರಿಗೇ ಗೊತ್ತು. ಡಾಕ್ಟರಿಗೆ ಕಾಪುವಿನ ಸರದಿ ಇನ್ನು ಮಳೆಗಾಲ ಮುಗಿದ ಮೇಲೆಯೇ. ಅಂದರೆ ನಾಲ್ಕೈದು ತಿಂಗಳು ಬೀಪಾತುಮ್ಮ ಕೈಕಟ್ಟಿ ಕತ್ತಲಲ್ಲಿ ಕೂರಬೇಕು, ನಾನು ಕೈಮುಟ್ಟಿ ಮಾತು ಕೊಟ್ಟ ಮೇಲೆ.

"ಸೋಮವಾರ ಕಾಪುವಿಗೆ ಹೋಗುವ" ಎಂದರು ಶೆಣೈಮಾಮ.

ಕಾರ್ಖಾನೆಯಿಂದ ಪರೀಕ್ಷೆಯ ಫ್ರೇಮು, ಹತ್ತರಿಂದ ಹನ್ನೆರಡೂವರೆಯವರೆಗಿನ ಗಾಜುಗಳನ್ನು ಕೇಳಿ ಪಡೆದು ಕೈಚೀಲದಲ್ಲಿಟ್ಟುಕೊಂಡು ಹೋದೆವು. ಬಸ್ಸಿನಲ್ಲಿ ನಾನು, "ಎಂತ ಹೇಳುದು ಮಾಮ ಅವರಿಗೆ? ಚೀಟಿ ಇಲಿ ಕಡಿಯಿತು ಅಂತ ಹೇಳುವಾ?" ಎಂದೆ. ಅವರು ಕಿಟಕಿಯ ಆಚೆ ನೋಡುತ್ತಾ, "ಇಲಿ ಎಂತ ಮಾಡಿತು ನಿನಗೆ?" ಎಂದರು.

ಬೀಪಾತುಮ್ಮ ಜಗಲಿಯಲ್ಲಿ ಕುಳಿತಿದ್ದರು. ಮಡಿಲಲ್ಲಿ ಬೀಡಿ ಎಲೆಯ ಗೆರಸೆ, ಕೈಯಲ್ಲಿ ಕತ್ತರಿ ಇರಲಿಲ್ಲ. ಎಲೆಗಳನ್ನು ಸುಮ್ಮನೆ ಸವರುತ್ತಿದ್ದರು. ನನ್ನ ದನಿ ಕೇಳಿದ ಕೂಡಲೇ, "ಬಂತಾ ಕನ್ನಡಕ?" ಎಂದರು.

"ಇಲ್ಲ ಬೀಪಾತುಮ್ಮ. ನಿಮ್ಮ ಅಳತೆ ನಾನು ಕಳೆದುಹಾಕಿದೆ. ಯಂತ್ರದಿಂದ ಅಳಿಸಿದ್ದು ನಾನು."

"ಚೀಟಿ ಹರಿದದ್ದು ನಾನು" ಎಂದರು ಶೆಣೈಮಾಮ.

ಬೀಪಾತುಮ್ಮ ಗೆರಸೆಯನ್ನು ಪಕ್ಕಕ್ಕಿಟ್ಟರು. "ಯಾವ ಅಳತೆ? ಡಾಕ್ಟರು ಹೇಳಿದ್ದಾ?"

"ಹೌದು."

"ಹತ್ತೂವರೆ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬೀಪಾತುಮ್ಮನಿಗೆ ಸಿಟ್ಟು ಬಂತು. "ಎಂತ, ನಂಬಿಕೆ ಇಲ್ವಾ? ಡಾಕ್ಟರು ಗಾಜು ಇಟ್ಟು ಇಟ್ಟು ಕಡೆಗೆ ಹತ್ತೂವರೆ ಬರೆಯಿರಿ ಅಂತ ಹೇಳಿದ್ರು. ಕಣ್ಣಿಲ್ಲದಿದ್ರೆ ಕಿವಿಯೂ ಇಲ್ವಾ ನನಗೆ? ಐವತ್ತು ವರ್ಷ ಬೀಡಿಯ ಕಟ್ಟು ಎಣಿಸಿದವಳು, ಒಂದು ಲೆಕ್ಕ ಮರೀತೇನಾ? ನನ್ನ ಕಣ್ಣಿನ ನಂಬರು ಅದು ಮಾರಾಯ್ರೆ."

ಶೆಣೈಮಾಮ ಫ್ರೇಮು ತೆಗೆದು ಅವರ ಮೂಗಿನ ಮೇಲಿಟ್ಟರು. ಯಾವುದು ಎಷ್ಟು ಎಂದು ಹೇಳದೆ ಒಂದೊಂದೇ ಗಾಜು ಹಾಕಿದರು. ಹನ್ನೆರಡಕ್ಕೆ ಬೀಪಾತುಮ್ಮ, "ಹೊಗೆ" ಎಂದರು. ಹನ್ನೊಂದಕ್ಕೆ, "ತೆಂಗಿನ ಮರ ಉಂಟು, ಗರಿ ಇಲ್ಲ." ಹತ್ತಕ್ಕೆ, "ಹತ್ತಿರ ಬಂತು, ಸರಿಯಾಗಲಿಲ್ಲ." ಹತ್ತೂವರೆಯ ಗಾಜು ಹಾಕಿದರು. ಬೀಪಾತುಮ್ಮ ಕತ್ತು ಎತ್ತಿದರು. ಎದುರು ಮನೆಯ ಮಾಡನ್ನು ನೋಡಿದರು, ತೆಂಗಿನ ಮರ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ದಿಟ್ಟಿಸಿದರು.

"ನೀನಾ ಮಗಳೇ? ದನಿ ಕೇಳಿ ದಪ್ಪ ಹೆಂಗಸು ಅಂತ ಮಾಡಿದ್ದೆ. ಊಟ ಮಾಡ್ಲಿಕ್ಕಿಲ್ವಾ ನೀನು?"

ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಗೊಳೋ ಎಂದು ಅತ್ತೆ. ಅವರು ನನ್ನನ್ನು ಬಿಟ್ಟು ಶೆಣೈಮಾಮನ ಕಡೆ ತಿರುಗಿದರು. ಬಿಸಿಲಿಗೆ ಬಿಚ್ಚಿ ಜಗಲಿಯ ಅಂಚಿಗಿಟ್ಟಿದ್ದ ಕೊಡೆಯನ್ನು ಮೇಲೆ ಕೆಳಗೆ ನೋಡಿದರು. "ಅಲ್ಲ ಮಾರಾಯ್ರೆ, ನಿಮ್ಮ ಕೊಡೆಗೆ ಎಷ್ಟು ತೂತು ಉಂಟು!"

ಹದಿನೈದು ವರ್ಷ ನಾವೆಲ್ಲ ಹೆದರಿಕೊಂಡು ದೂರ ನಿಂತ ಕೊಡೆ ಅದು. ಅದರಲ್ಲಿ ತೂತುಗಳಿವೆಯೆಂದು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಶೆಣೈಮಾಮ ಕೊಡೆಯನ್ನು ತಲೆಯ ಮೇಲೆತ್ತಿ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಡಾಕ್ಟರಿಗೆ ಫೋನು ಮಾಡಿ ನಡೆದದ್ದೆಲ್ಲ ಒಪ್ಪಿಕೊಂಡೆವು. ಚೆನ್ನಾಗಿ ಉಗಿಸಿಕೊಂಡ ಮೇಲೆ ಆ ಅಳತೆಗೇ ಅವರ ಒಪ್ಪಿಗೆ ಸಿಕ್ಕಿತು. ಮೊದಲ ಮಳೆ ಬೀಳಲು ಎರಡು ದಿನವಿರುವಾಗ ನಾನೇ ಕನ್ನಡಕ ಒಯ್ದುಕೊಟ್ಟೆ. ಬೀಪಾತುಮ್ಮ ಅದನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಗೆರಸೆ ಎಳೆದು, ಒಂದು ಎಲೆ ಕತ್ತರಿಸಿದರು. ನಾನಿರುವಷ್ಟು ಹೊತ್ತೂ ತಲೆ ಎತ್ತಲಿಲ್ಲ. ನಾನು ಎದ್ದು ಬಂದದ್ದೂ ಅವರಿಗೆ ಗೊತ್ತಾಯಿತೋ ಇಲ್ಲವೋ.

ಫೆಲಿಕ್ಸ್ ರಜೆ ಮುಗಿಸಿ ಬಂದು ಕೇಳಿದ್ದು ಒಂದೇ ಮಾತು: "ಸರೋಜಕ್ಕ, ಅದು ಬೇಡ ಬೇಡ ಅಂತ ಎರಡು ಸಲ ಹೇಳಿತಲ್ಲ, ಯಾಕೆ ಅಂತ ಕೇಳ್ಬಾರದಿತ್ತಾ?" ಅಂದಿನಿಂದ ನನ್ನ ಕ್ರಮ ಬದಲಾಯಿತು. ಮೊದಲು ಲಾಕ್. ಲಾಕ್ ಹಾಕಿದ ಮೇಲೆ ನಕಲು. ನಕಲಿನ ಸಾಲುಗಳನ್ನೂ ಕೋಷ್ಟಕದ ಸಾಲುಗಳನ್ನೂ ಎಣಿಸಿ ತಾಳೆ ನೋಡುವುದು. ಆಮೇಲೆ ಕೆಳಗಿನಿಂದ ಮೇಲಕ್ಕೆ, ಹಿಂದಕ್ಕೆ ಪಡೆಯಲಾಗುವ ದಾರಿಯಲ್ಲೇ ಅಳಿಸುವುದು. ತಡೆದರೆ ಕುರ್ಚಿಯಿಂದ ಎದ್ದು ಹೊರಕೋಣೆಗೆ ಹೋಗಿ ಯಾರಿದ್ದಾರೆಂದು ನೋಡುವುದು. ಚೀಟಿ ಹರಿಯುವುದನ್ನು ಶೆಣೈಮಾಮ ತಾವಾಗಿಯೇ ಬಿಟ್ಟರು, ಒಂದು ಗೆರೆ ಎಳೆದು ಕಟ್ಟಿಡತೊಡಗಿದರು.

ಮರುವರ್ಷ ಮಳೆಗಾಲದಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಯ ಚಹಾ ಮುಗಿದ ಮೇಲೆ ಒಳಕೋಣೆಗೆ ಬಂದು, ಚಪ್ಪಲಿ ಬಿಟ್ಟು, ಕೊಡೆಯನ್ನು ನನ್ನ ಟರ್ಮಿನಲ್ಲಿನ ಮೂಲೆಗೆ ತೂಗುಹಾಕಿ ಹೊರಟರು. ಹೊರಗೆ ಜಡಿಮಳೆ. ನಾನು ಹಿಂದೆ ಓಡಿದೆ. "ಮಾಮ, ಕೊಡೆ!"

"ತೂತು ಉಂಟಲ್ಲ, ಬೀಪಾತುಮ್ಮ ಹೇಳಿದ್ರಲ್ಲ. ಮಳೆಗೆ ಆಗುದಿಲ್ಲ ಅದು. ನಿನ್ನ ಕೆಲಸಕ್ಕೆ ಆಗ್ತದೆ, ಇಟ್ಟುಕೋ." ತಲೆಗೆ ಟವೆಲು ಹಾಕಿಕೊಂಡು ಬಸ್ಸಿನ ಕಡೆಗೆ ನಡೆದರು. ಆ ಬೆನ್ನು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವರೂ ಇಲ್ಲ, ಬೀಪಾತುಮ್ಮನೂ ಇಲ್ಲ. ಆ ಹಂಚಿನ ಕೋಣೆಗಳೂ ಇಲ್ಲ. ನಿವೃತ್ತಿಯವರೆಗೂ ನಾನು ಯಂತ್ರದ ಲಾಕ್ ಹಾಕಿದ ಮೇಲೂ ಕೊಡೆ ತೂಗುಹಾಕಿಯೇ ಖಾಲಿ ಮಾಡಿದ್ದು. ಕಿರಿಯರು ನಕ್ಕರು, ನಗಲಿ.

ಕಳೆದ ತಿಂಗಳು ತಂಗಿಯ ಮಗಳು ಹೊರಡುವಾಗ ಆ ಕೊಡೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಜಗಲಿಯಲ್ಲಿ ನಿಂತು ಬಿಚ್ಚಿ, ಬೆಳಕಿಗೆ ಹಿಡಿದಳು.

"ದೊಡ್ಡಮ್ಮ, ಇದರಲ್ಲಿ ತೂತು ಉಂಟಲ್ಲ."

"ಕಂಡಿತಾ? ಹಾಗಾದ್ರೆ ನಿನ್ನ ಕಣ್ಣು ಸರಿ ಉಂಟು" ಎಂದೆ. "ಇನ್ನು ಹೋಗು, ಖಾಲಿ ಮಾಡು."